ಬೆನ್ನ ಹಿಂದಿನ ಹಸುರು ಗೆಲ್ಲು

ಒಂದು ಕೈಯಲ್ಲಿ ಕಡೆಗೋಲನ್ನೂ ಮತ್ತೊಂದು ಕೈಯಲ್ಲಿ ಹಗ್ಗವನ್ನೂ ಹಿಡಿದು ಪಡುಗಡಲಿನ ದಂಡೆಯ ಊರಿನಲ್ಲಿ ಎಳೆಯನಾಗಿ ನಿಂತ ಪ್ರಭುವೇ, ಬಿರುಗಾಳಿಗೆ ಸಿಕ್ಕಿದ ಹಡಗಿನ ಒಡಲಲ್ಲಿ ಮಣ್ಣಿನ ಹೆಂಟೆಯ ಮರೆಯಲ್ಲಿ ಕುಳಿತಿದ್ದವನು ನೀನು. ದಡದಿಂದ ಬೀಸಿದ ಒಂದು ತುಂಡು ಬಟ್ಟೆಯ ಗುರುತನ್ನು ನಾವಿಕರು ನಂಬಿದ್ದರಿಂದ ನಮಗೆ ದೊರೆತವನು ನೀನು. ಗುರುತು ತೋರುವ ಕೈಗಳನ್ನು ಕಾಯಿ, ಗುರುತನ್ನು ಕಾಣುವ ಕಣ್ಣುಗಳನ್ನು ಬೆಳಗು. ಪರರ ಕೂಗಿಗೆ ಓಡಿ ಮರಳಿ ಬಾರದವರ ಹೆಸರನ್ನು ಎತ್ತುವ ಮುನ್ನ ನಿನ್ನ ಹೆಸರನ್ನು ಎತ್ತಿದ್ದೇವೆ. ಈ ಕಥೆಯನ್ನು ಎಡರಿಲ್ಲದೆ ನಡೆಸಿಕೊಡು.

ಬನ್ನಂಜೆಯ ಬಾಡಿಗೆ ಮನೆಯ ಹಿತ್ತಿಲ ಹಗ್ಗದಲ್ಲಿ ತೂಗುತ್ತಿದ್ದ ಹಳದಿ ಜಾಕೆಟ್ಟನ್ನು ಪ್ರಫುಲ್ಲಾ ಮೂಗಿನ ಬಳಿಗೆ ತಂದಳು. ವಾಸನೆ ಇನ್ನೂ ಇತ್ತು. ದೀಪದ ಬೆಳಕು ಬಿದ್ದರೆ ಮಿರುಗುವ ಬಿಳಿಯ ಪಟ್ಟಿಗಳ ಆ ಜಾಕೆಟ್ಟು ಹೆದ್ದಾರಿ ಗಸ್ತಿನ ಹೆಡ್ ಕಾನ್‌ಸ್ಟೇಬಲ್ ಆದ ಅವಳಿಗೆ ಖಾಕಿಯ ಮೇಲಿನ ಇನ್ನೊಂದು ಚರ್ಮವೇ ಆಗಿತ್ತು. ಎರಡು ತಿಂಗಳ ಹಿಂದೆ, ಸೋಣ ತಿಂಗಳ ಒಂದು ಮಳೆಯ ಸಂಜೆ, ಕಾಪುವಿನ ಹೆದ್ದಾರಿಯಲ್ಲಿ, ಅದರ ಬೆನ್ನಿಗೆ ಎಲ್ಲಿಂದಲೋ ಮೀನಿನ ನೀರು ಹಾರಿ ಅಂಟಿತ್ತು. ಎಲ್ಲಿಂದ ಎಂಬುದು ಅವಳಿಗೆ ಇಂದಿಗೂ ತಿಳಿಯದು. ಲಿಂಬೆಹುಳಿ ತಿಕ್ಕಿದಳು, ಸೀಗೆಯಲ್ಲಿ ನೆನೆಸಿದಳು, ನವರಾತ್ರಿಯ ಬಿಸಿಲಿಗೆಲ್ಲ ಒಡ್ಡಿದಳು. ಪಾಪದ ಶೇಷದಂತೆ ಅದು ಒಂದಿಷ್ಟು ಉಳಿದೇ ಉಳಿಯಿತು. ಮೀನು ತಿನ್ನುವ ಮನೆಯವಳಿಗೆ ಮೀನಿನ ವಾಸನೆಯಲ್ಲಿ ಹೇಸುವುದೇನಿದೆ? ಆದರೆ ಆ ವಾಸನೆ ಮೂಗಿಗೆ ಬಂದೊಡನೆ ಕಿವಿಗೆ ಒಂದು ಹೆಂಗಸಿನ ಕೂಗು ಬರುತ್ತಿತ್ತು: "ಮಗು ಸಾಯ್ತಾ ಉಂಟು, ನೀವು ಸೊಪ್ಪು ಕೊಯ್ತೀರಾ? ನಿಮಗೆ ಮಕ್ಕಳಿಲ್ಲವಾ?" ಇಂದಿನ ಬೆಳಗು ಮಾತ್ರ ಇದಾವುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳದೆ ಬೆಳಗಿತ್ತು. ಮಳೆ ತೊಳೆದು ಬಿಟ್ಟ ಆಕಾಶ. ಬಾವಿಕಟ್ಟೆಯ ಸುತ್ತ ಉದುರಿದ ಪಾರಿಜಾತ. ನೆರೆಮನೆಯ ರೇಡಿಯೋದಲ್ಲಿ ಸುಪ್ರಭಾತ. ಅಕ್ಟೋಬರ್ ಇಪ್ಪತ್ತೊಂದು, ಕರ್ತವ್ಯದಲ್ಲಿ ಮಡಿದ ಪೊಲೀಸರನ್ನು ನೆನೆಯುವ ದಿನ. ಇಂತಹ ದಿನದಲ್ಲಿ ಮನಸ್ಸು ಸುಮ್ಮನೆ ಹಗುರಾಗುವುದೂ ಒಂದು ತಪ್ಪೆಂಬಂತೆ ಅವಳು ತುಟಿ ಬಿಗಿದುಕೊಂಡು ಬೂಟಿಗೆ ಬಣ್ಣ ಹಚ್ಚಿದಳು.

ಫೋನು ಹಾಡಿತು. ನಿಟ್ಟೆಯ ಹಾಸ್ಟೆಲಿನಿಂದ ಮಗಳು ಮೋಕ್ಷಾ.

"ಅಮ್ಮ, ಜಾಕೆಟ್ಟಿಗೆ ಇನ್ನೂ ಬಂಗುಡೆ ವಾಸನೆ ಉಂಟಾ?"

"ಉಂಟು."

"ಹಾಗಾದರೆ ಒಂದಿಷ್ಟು ಮಸಾಲೆ ಹಚ್ಚಿ ಕಾಯಿಸಿಬಿಡು. ಭಾನುವಾರ ಬರುತ್ತೇನೆ, ಊಟಕ್ಕೆ ಆಯ್ತು."

ಪ್ರಫುಲ್ಲಾ ನಕ್ಕಳು, ನಕ್ಕದ್ದಕ್ಕೆ ತನ್ನನ್ನೇ ಗದರಿಕೊಂಡಳು. ಮೋಕ್ಷಾಳ ದನಿ ಮೆತ್ತಗಾಯಿತು.

"ಇವತ್ತು ಅಣ್ಣು ಮಾಮನ ಹೆಸರು ಓದುವಾಗ ಅಳು, ಆಯ್ತಾ? ಅವರು ಹೋದ ಮೇಲೆ ನೀನು ಅತ್ತದ್ದೇ ಇಲ್ಲ. ಅಳದೆ ಇಟ್ಟುಕೊಂಡರೆ ಒಳಗೆ ಹುಳಿ ಬರುತ್ತದೆ."

"ಪೆರೇಡಿನಲ್ಲಿ ಅಳಲಿಕ್ಕಿಲ್ಲ ಮಗಾ."

ಅಳಲು ಎಡೆಯೇ ಸಿಕ್ಕಿರಲಿಲ್ಲ ಎನ್ನುವುದು ನಿಜ. ಕಳೆದ ಡಿಸೆಂಬರಿನ ಆ ಮುಸ್ಸಂಜೆ, ಬೈಕಿನಿಂದ ಬಿದ್ದು ಅಮ್ಮಾ ಎನ್ನುತ್ತಿದ್ದ ಒಬ್ಬನ ಕಡೆಗೆ, ಗಸ್ತಿನಲ್ಲಿ ಅವಳ ಹಿರಿಯ ಜೊತೆಗಾರರಾಗಿದ್ದ ಅಣ್ಣು ಸರ್ ಜೀಪಿನಿಂದ ಹಾರಿ ಓಡಿದರು. ಹಿಂದಿನಿಂದ ಬಂದ ಟೆಂಪೊಗೆ ರಸ್ತೆಯಲ್ಲಿ ಮನುಷ್ಯರಿದ್ದಾರೆಂದು ತಿಳಿಸುವ ಯಾವ ಗುರುತೂ ಇರಲಿಲ್ಲ. ಆಗ ಮಾಡಬೇಕಾದದ್ದನ್ನು ಪ್ರಫುಲ್ಲಾ ಮಾಡಿದಳು: ಅಣ್ಣು ಸರ್ ಬಿದ್ದಲ್ಲಿಗೆ ಬೆನ್ನು ಹಾಕಿ, ಸೀಟಿ ಊದಿ, ಕೈಯೆತ್ತಿ, ಬರುವ ಗಾಡಿಗಳನ್ನೆಲ್ಲ ಪಕ್ಕದ ದಾರಿಗೆ ತಿರುಗಿಸುತ್ತ ನಿಂತಳು. ಗಾಡಿಗಳು ಬರುತ್ತಲೇ ಇದ್ದವು. ಆ ಸೀಟಿ ಅವಳ ಎದೆಯೊಳಗೆ ಇನ್ನೂ ನಿಂತಿರಲಿಲ್ಲ.

ಸಶಸ್ತ್ರ ಮೀಸಲು ಪಡೆಯ ಮೈದಾನದ ಬಾಗಿಲಲ್ಲಿ ಗಲಾಟೆ ನಡೆದಿತ್ತು. ಅಣ್ಣು ಸರ್ ಅವರ ಹೆಂಡತಿ ಬೇಬಿಯಕ್ಕ ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿಯದ ತಲೆಯನ್ನು ಎತ್ತಿ ಹಿಡಿದು, ಕಾವಲಿನ ಪೇದೆಯೊಡನೆ ವಾದಿಸುತ್ತಿದ್ದರು. ಅವರ ಬಟ್ಟೆಚೀಲದಲ್ಲಿ ಪತ್ರಿಕೆಯಲ್ಲಿ ಸುತ್ತಿದ ಒಂದು ಕತ್ತಿ ಇತ್ತು, ಸೊಪ್ಪು ಕಡಿಯುವ ಬಾಗಿದ ಕತ್ತಿ. "ಹುತಾತ್ಮನ ಹೆಂಡತಿ ಎಂದು ಮುಂದಿನ ಸಾಲಿನಲ್ಲಿ ಕುರ್ಚಿ ಇಡುತ್ತೀರಿ, ಹುತಾತ್ಮನ ಕತ್ತಿಗೆ ಒಳಗೆ ಬರಲಿಕ್ಕಿಲ್ಲವಾ? ಇದು ನನಗಿಂತ ಹೆಚ್ಚು ಅವರೊಟ್ಟಿಗೆ ಇದ್ದದ್ದು ಮಾರಾಯ!" ಪೇದೆ ಬೆವರುತ್ತಿದ್ದ. ಸಬ್ ಇನ್‌ಸ್ಪೆಕ್ಟರ್ ಅಖಿಲ್ ಓಡಿಬಂದು, ಕಾರ್ಯಕ್ರಮ ಮುಗಿದ ಮೇಲೆ ತಾನೇ ಅದನ್ನು ತರಿಸಿಕೊಡುವೆನೆಂದು ಮಾತು ಕೊಟ್ಟ ಮೇಲೆ ಕತ್ತಿ ಕಾವಲುಕೋಣೆಯಲ್ಲಿ ಕುಳಿತಿತು. ಅಖಿಲ್ ಪ್ರಫುಲ್ಲಾಳ ಕಡೆಗೆ ತಿರುಗಿದ. ಅವಳ ಮಗನಾಗಬಹುದಾದ ವಯಸ್ಸಿನ ಅಧಿಕಾರಿ. ಅವಳೊಡನೆ ಮಾತನಾಡುವಾಗ ಟೊಪ್ಪಿಯನ್ನು ಒಮ್ಮೆ ಸರಿಪಡಿಸಿಕೊಳ್ಳುವುದು ಅವನ ಅಭ್ಯಾಸ.

"ಮೇಡಂ, ಚಾ ಆದ ಮೇಲೆ ಅಣ್ಣು ಸರ್ ಕ್ರಮವನ್ನು ನೀವು ತೋರಿಸಬೇಕು. ಆಂಬುಲೆನ್ಸಿನವರು, ಅಗ್ನಿಶಾಮಕದವರು ಎಲ್ಲ ಬಂದಿದ್ದಾರೆ."

"ಬೇರೆ ಯಾರಾದರೂ ತೋರಿಸಲಿ ಸರ್."

"ಬೇರೆ ಯಾರಿಗೆ ಗೊತ್ತುಂಟು?"

ಅವಳು ಪೆರೇಡಿನ ಸಾಲಿನ ಕಡೆಗೆ ನಡೆದಳು. ತಲೆನೋವೆಂದು ಹೇಳಿ ನುಣುಚಿಕೊಳ್ಳುವುದೆಂದು ರಾತ್ರಿಯೇ ನಿಶ್ಚಯಿಸಿದ್ದಳು. ಅಣ್ಣು ಸರ್ ಅವರ ಕ್ರಮವೆಂದರೆ ಸೊಪ್ಪು. ಹೆದ್ದಾರಿಯಲ್ಲಿ ಗಾಡಿ ಕೆಟ್ಟು ನಿಂತರೆ ಲಾರಿಯವರು ಮರದ ಗೆಲ್ಲು ಮುರಿದು ಹಿಂದೆ ಹಾಕುತ್ತಾರಲ್ಲ, ಅದೇ. ಗಾಯಾಳುವನ್ನು ಮುಟ್ಟುವ ಮೊದಲು ದೂರದಿಂದಲೇ ಒಂದೊಂದು ಗೆಲ್ಲು, ರಸ್ತೆಯ ಅಂಚಿನಿಂದ ನಡುವಿಗೆ ಓರೆಯಾಗಿ, ಆಮೇಲೆ ಮನುಷ್ಯ. ಜೀಪಿನಲ್ಲಿ ಇಲಾಖೆಯ ಕಿತ್ತಳೆ ಬಣ್ಣದ ಶಂಕುಗಳಿದ್ದವು, ಅವುಗಳನ್ನೂ ಇಡುತ್ತಿದ್ದರು, ಆದರೆ ಗಾಳಿಮಳೆಗೆ ಉರುಳುವ ಅವುಗಳ ಮೇಲೆ ಅವರಿಗೆ ಅಷ್ಟಾಗಿ ನಂಬಿಕೆಯಿರಲಿಲ್ಲ. "ಶಂಕು ಕಂಡರೆ ಡ್ರೈವರ್ ಟೋಲ್ ಬಂತೆಂದು ಚಿಲ್ಲರೆ ಹುಡುಕುತ್ತಾನೆ ಮಾರಾಯ್ತಿ. ಸೊಪ್ಪು ಕಂಡರೆ ಬ್ರೇಕ್ ಒತ್ತುತ್ತಾನೆ." ಠಾಣೆಯಲ್ಲಿ ಅವರಿಗೆ ಸೊಪ್ಪಣ್ಣ ಎಂದೇ ಹೆಸರು, ಹಾಗೆ ಕರೆದವರಿಗೆ ಅವರೇ ಮೊದಲು ನಗುತ್ತಿದ್ದರು. ಮದುವೆಮನೆಯ ಚಪ್ಪರಕ್ಕೆ ಮಾವಿನ ತೋರಣ, ಪೂಜೆಯ ಕಲಶದ ಬಾಯಿಗೆ ಐದು ಚಿಗುರು. ಒಳಗೆ ದೇವರಿದ್ದಾನೆ, ನಿಧಾನಿಸು ಎಂದು ಎಲೆಯಲ್ಲದೆ ಇನ್ನಾವುದು ಹೇಳುತ್ತದೆ ಎಂದು ಅವರೊಮ್ಮೆ ಕೇಳಿದ್ದುಂಟು. ಆ ಮನುಷ್ಯ ಒಂದೇ ಒಂದು ದಿನ ಕತ್ತಿಯನ್ನು ಜೀಪಿನ ಸೀಟಿನ ಮೇಲೆಯೇ ಬಿಟ್ಟು ಓಡಿದರು. ಅಮ್ಮಾ ಎಂಬ ಕೂಗು ಅಂಥದು.

ಪೆರೇಡು ನೆಟ್ಟಗೆ ನಿಂತಿತು. ಬಿಸಿಲು ಬಂದೂಕಿನ ತುದಿಯ ಸನೀನುಗಳ ಅಲಗಿನ ಮೇಲೆ ಕುಣಿಯಿತು. ವರಿಷ್ಠಾಧಿಕಾರಿಗಳು ಕಳೆದೊಂದು ವರ್ಷದಲ್ಲಿ ದೇಶದೆಲ್ಲೆಡೆ ಮಡಿದವರ ಹೆಸರುಗಳನ್ನು ಓದತೊಡಗಿದರು. ಹಿಮದ ಗಡಿಯವರು, ಕಾಡಿನವರು, ನೆರೆಯ ನೀರಿನಲ್ಲಿ ಯಾರನ್ನೋ ದಡಕ್ಕೆ ತಳ್ಳಿ ತಾವು ಹೋದವರು, ರಸ್ತೆಯವರು. ಅರ್ಚನೆಯಲ್ಲಿ ನಾಮಕ್ಕೊಂದು ಹೂವು ಬೀಳುವಂತೆ ಹೆಸರುಗಳು ಒಂದರ ಮೇಲೊಂದು ಮೆತ್ತಗೆ ಬಿದ್ದವು. ಎಲ್ಲಿಯದೋ ಬೆಟ್ಟದ ಊರಿನ, ನಾಲಿಗೆಗೆ ಹೊಸದಾದ ಹೆಸರಿಗೂ ಉಡುಪಿಯ ಗಾಳಿ ಒಂದಿಷ್ಟು ಜಾಗ ಬಿಟ್ಟುಕೊಟ್ಟಿತು. ಪ್ರಫುಲ್ಲಾ ಕಾಯುತ್ತಿದ್ದಳು. ಅಣ್ಣು ಸರ್ ಹೆಸರು ಬಂದಾಗ ಸಿಡಿಲು ಬಡಿದಂತೆ ಆಗಬಹುದೆಂದು ಎಣಿಸಿದ್ದಳು, ಹಾಗೇನೂ ಆಗಲಿಲ್ಲ. ಹೆಸರು ಬಂತು, ಉಳಿದವುಗಳ ನಡುವೆ ತನ್ನ ಜಾಗದಲ್ಲಿ ಕುಳಿತಿತು. ಮುಂದಿನ ಸಾಲಿನಲ್ಲಿ ಬೇಬಿಯಕ್ಕ, ಹಾಜರಿ ಕೂಗಿದ ಮಗುವಿನ ತಾಯಿಯಂತೆ, ಮೆಲ್ಲನೆ ಹೂಂ ಎಂದರು. ಪ್ರಫುಲ್ಲಾಳ ಕಣ್ಣು ಒಣಗಿಯೇ ಇತ್ತು. ಒಳಗೆ ಸೀಟಿ ಊದುತ್ತಿತ್ತು.

ಹೂವಿನ ಚಕ್ರವನ್ನು ಹೊತ್ತು ಸ್ಮಾರಕದ ಕಡೆಗೆ ನಿಧಾನದ ಹೆಜ್ಜೆಯಲ್ಲಿ ಸಾಗುವ ಇಬ್ಬರಲ್ಲಿ ಅವಳೂ ಒಬ್ಬಳು. ಕಾಲು ಎತ್ತಬೇಕು, ಗಾಳಿಯಲ್ಲಿ ಒಂದು ಕ್ಷಣ ತಡೆಯಬೇಕು, ಊರಬೇಕು. ಹಾಗೆ ಒಂದು ಕಾಲು ಗಾಳಿಯಲ್ಲಿ ತಡೆದಿರುವಾಗಲೇ ಎಡಗಡೆಯ ಶಾಮಿಯಾನದ ಕೆಳಗೆ ಅವಳು ಹಲೀಮಾಳನ್ನು ಕಂಡಳು, ಕಾಪುವಿನ ಆ ಕೂಗಿನ ಹೆಂಗಸನ್ನು. ನೀಲಿ ಬುರ್ಖಾ, ಆ ಮುಖವನ್ನು ಅವಳು ಮರೆಯುವಂತಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಒಂದು ಪುಟ್ಟ ತಲೆ, ಎರಡು ರಿಬ್ಬನು. ಮಗುವಿನ ಕಾಲುಗಳು ಮುಂದಿನ ಕುರ್ಚಿಯ ಬೆನ್ನಿನ ಮರೆಯಲ್ಲಿದ್ದವು. ಹೆಜ್ಜೆ ತಪ್ಪಿತು. ಜೊತೆಯವನು ಕಣ್ಣಂಚಿನಿಂದ ನೋಡಿದ. ಜಿಲ್ಲೆಯ ಪಡೆಯೆಲ್ಲ ನೋಡುತ್ತಿರುವಾಗ ಹೂವಿನ ಚಕ್ರ ಒಂದು ಗೇಣು ವಾಲಿ ಮತ್ತೆ ಸರಿಯಾಯಿತು; ಅವಳ ಕಿವಿಗಳು ಕಾದವು.

ಕಾಪುವಿನ ಆ ಸಂಜೆ ಮಳೆ ಅಡ್ಡಡ್ಡ ಬೀಳುತ್ತಿತ್ತು. ಕಾರು ಜಾರಿ ರಸ್ತೆಯ ನಡುಗಟ್ಟೆಗೆ ಬಡಿದು, ಬೆನ್ನನ್ನು ಬರುವ ಗಾಡಿಗಳ ಕಡೆಗೆ ಒಡ್ಡಿ ನಿಂತಿತ್ತು. ಅವಳ ಜೀಪು ನಡುಗಟ್ಟೆಯ ಆಚೆಯ ದಾರಿಯಲ್ಲಿತ್ತು. ಅಡ್ಡ ತಂದು ನಿಲ್ಲಿಸುವುದಕ್ಕೆ ಸುತ್ತುಬಳಸಿ ಬರಬೇಕು. ಚಾಲಕ ಪ್ರತೀಕನನ್ನು ಜೀಪು ತರಲು ಅಟ್ಟಿ ಅವಳೊಬ್ಬಳೇ ನಡುಗಟ್ಟೆ ದಾಟಿದಳು. ಮುಂದಿನ ಸೀಟಿನಲ್ಲಿ ಹಲೀಮಾಳ ಗಂಡ ಮುಝಮ್ಮಿಲ್ ಎಚ್ಚರತಪ್ಪಿದ್ದ, ಹೆಂಡತಿ ಬಾಗಿಲು ಬಡಿಯುತ್ತಿದ್ದಳು, ಹಿಂದೆ ಮಗುವಿನ ಕಾಲು ಸಿಕ್ಕಿಕೊಂಡಿತ್ತು. ಪ್ರಫುಲ್ಲಾ ಬಾಗಿಲ ತನಕ ಹೋದಳು, ಮಗುವಿನ ಮುಖ ನೋಡಿದಳು, ಮತ್ತು ತಿರುಗಿ ನಡೆದಳು. ಹೌದು, ತಿರುಗಿ ನಡೆದಳು. ರಸ್ತೆಬದಿಯ ಹೊಂಗೆಮರದಿಂದ ಗೆಲ್ಲುಗಳನ್ನು ಕಡಿದು ಎಳೆದು ತಂದು ದೂರದಿಂದ ಒಂದೊಂದಾಗಿ ಹಾಸಿದಳು. ಹಿಂದಿನಿಂದ ಆ ಕೂಗು: ನಿಮಗೆ ಮಕ್ಕಳಿಲ್ಲವಾ? ಆಮೇಲೆ ಹಿಂಬಾಗಿಲನ್ನು ಕಿತ್ತು ತೆರೆದು ಸೊಂಟದವರೆಗೆ ಒಳಗೆ ತೂರಿದಳು. ಮಗು ಅಳುತ್ತಿರಲಿಲ್ಲ, ತುಟಿ ಕಚ್ಚಿ ಹಿಡಿದಿತ್ತು. ಅದಕ್ಕೆ ಏನೋ ಹೇಳಿದಳು. ಏನು ಹೇಳಿದೆನೆಂದು ಎಷ್ಟು ಕೆದಕಿದರೂ ನೆನಪಿಗೆ ಬಾರದು. ಒಮ್ಮೆ ಬೆನ್ನಿಗೆ ತಣ್ಣಗೆ ನೀರು ಹಾರಿತು, ಮೀನಿನ ವಾಸನೆ ಬಂತು, ಕಾರು ಅಲುಗಿದಂತಾಯಿತು, ಗಾಳಿ ಎಂದುಕೊಂಡಳು. ಬಳಿಕ ಶಿರ್ವದ ಪ್ಯಾಟ್ರಿಕ್ ಆಂಬುಲೆನ್ಸು ತಂದು ಮೂವರನ್ನೂ ಮಣಿಪಾಲಕ್ಕೆ ಒಯ್ದ.

ಮಗುವಿನ ಕಾಲಿಗೆ ಶಸ್ತ್ರಚಿಕಿತ್ಸೆ ಎಂದು ಮರುದಿನ ಕೇಳಿದ ಮೇಲೆ ಅವಳು ವಿಚಾರಿಸುವುದನ್ನೇ ಬಿಟ್ಟಳು. ಯಾರೋ ತೆಗೆದ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹಾರಿತು: ಮಗು ಕಾರಿನೊಳಗೆ, ಪೊಲೀಸ್ ಮರದ ಕೆಳಗೆ. ಕಾಪು ಪೇಟೆಯ ಚಾದ ಅಂಗಡಿಯವನು "ಮೇಡಂ, ಮನೆಯಲ್ಲಿ ಆಡು ಉಂಟಾ?" ಎಂದು ಕೇಳಿದ; ಕುಳಿತವರು ನಕ್ಕರು, ಅವಳೂ ನಕ್ಕಳು, ಚಾ ಅರ್ಧಕ್ಕೆ ಬಿಟ್ಟಳು. ಇವೆಲ್ಲ ಸಣ್ಣ ಮುಳ್ಳುಗಳು. ದೊಡ್ಡ ಮುಳ್ಳು ಬೇರೆ. ಒಳಗೆ ಮೋಕ್ಷಾ ಇದ್ದಿದ್ದರೆ ನಾನು ಗೆಲ್ಲು ಕಡಿಯುತ್ತಿದ್ದೆನೇ? ಊರಿನ ಮಕ್ಕಳಿಗೆ ಶಾಸ್ತ್ರ, ತನ್ನ ಮಗುವಿಗೆ ಪ್ರೀತಿ ಎಂದಾದರೆ ಅದೆಂಥ ಧರ್ಮ? ಅಂದು ಆ ದಾರಿಯಲ್ಲಿ ಏನೂ ಬರಲಿಲ್ಲವಲ್ಲ. ಬಾರದ ಗಾಡಿಯನ್ನು ತಡೆಯಲು ಒಂದು ಮಗುವಿನ ಕಾಲನ್ನು ಕೊಟ್ಟುಬಿಟ್ಟೆನೇ? ಈ ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಆಂಬುಲೆನ್ಸಿನವರ ಮುಂದೆ ಯಾವ ಬಾಯಿಂದ ಹೇಳುವುದು, ಮೊದಲು ನಿಮ್ಮ ಬೆನ್ನು ಕಾಯ್ದುಕೊಳ್ಳಿ ಎಂದು?

ಹೂವಿನ ಚಕ್ರ ಸ್ಮಾರಕಕ್ಕೆ ಒರಗಿತು. ಗಾಳಿಗೆ ಗುಂಡು ಹಾರಿಸುವ ತಂಡ ಬಂದೂಕೆತ್ತಿತು. ಮೊದಲ ಸದ್ದಿಗೆ ಗೋಳಿಮರದ ಪಾರಿವಾಳಗಳು ಎದ್ದವು. ಎರಡನೆಯದಕ್ಕೆ ಸುತ್ತು ಹಾಕಿದವು. ಮೂರನೆಯದು ಮುಗಿದು, ಹೊಗೆ ಕರಗಿ, ಸಾವಿರ ಜನ ಉಸಿರು ಹಿಡಿದ ಆ ನಿಶ್ಶಬ್ದದ ನಡುವೆ ಶಾಮಿಯಾನದ ಕೆಳಗಿನಿಂದ ಒಂದು ಎಳೆಯ ದನಿ ಸ್ಪಷ್ಟವಾಗಿ ಕೇಳಿತು:

"ಇನ್ನೊಂದು ಸಲ!"

ಸಾಲಿನಲ್ಲಿ ನಿಂತವರ ಮೀಸೆಗಳು ಅದುರಿದವು. ಬೇಬಿಯಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು, ಭುಜ ಕುಲುಕುತ್ತಿತ್ತು. ವರಿಷ್ಠಾಧಿಕಾರಿಗಳು ಬಹಳ ಗಂಭೀರವಾಗಿ ಆಕಾಶವನ್ನು ನೋಡಿದರು. ಅಣ್ಣು ಸರ್ ಇದ್ದಿದ್ದರೆ ಸಾಲಿನಲ್ಲಿಯೇ ನಕ್ಕು ದಂಡ ತೆರುತ್ತಿದ್ದರು ಎಂದು ಪ್ರಫುಲ್ಲಾಳಿಗೆ ಅನಿಸಿತು. ಅನಿಸಿದ್ದೇ ತಡ, ಅವರು ಅಲ್ಲಿಯೇ ಪಕ್ಕದಲ್ಲಿ ನಿಂತು ನಕ್ಕಂತೆ ಆಯಿತು. ಕಹಳೆ ಎದ್ದಿತು. ದೀರ್ಘವಾದ ಆ ಸ್ವರ ಮೈದಾನವನ್ನು ದಾಟಿ ತೆಂಗಿನ ತಲೆಗಳ ಮೇಲೆ ಕಡಲಿನ ಕಡೆಗೆ ಹೋಯಿತು, ದುಃಖವನ್ನು ಹೊತ್ತೊಯ್ಯುವ ದೋಣಿಯಂತೆ.

ಚಾದ ಮೇಜಿನ ಮೇಲೆ ಗೋಳಿಬಜೆಯ ಬೆಟ್ಟವೇ ಇತ್ತು. ಆಂಬುಲೆನ್ಸಿನವರು, ಅಗ್ನಿಶಾಮಕದವರು, ಪೊಲೀಸರು ಬೆರಳು ಸುಟ್ಟುಕೊಂಡು ತಿನ್ನುತ್ತಿದ್ದರು. ಮೈದಾನದ ಒಂದು ಅಂಚಿನಲ್ಲಿ ಪ್ರಾತ್ಯಕ್ಷಿಕೆಗೆಂದು ಹಳೆಯ ಕಾರೊಂದನ್ನು ನಿಲ್ಲಿಸಿ ಪಕ್ಕದಲ್ಲಿ ಹಸುರು ಗೆಲ್ಲುಗಳ ರಾಶಿ ಹಾಕಿದ್ದರು. ಪ್ರಫುಲ್ಲಾ ಅಖಿಲನನ್ನು ಹುಡುಕುತ್ತಿದ್ದಳು, ತಲೆನೋವೆಂದು ಹೇಳಲು. ಪ್ಯಾಟ್ರಿಕ್ ಎದುರಿಗೆ ಬಂದ. ಕೈಯಲ್ಲಿ ಎರಡು ಗೋಳಿಬಜೆ, ಮುಖದಲ್ಲಿ ಏನೋ ಕದ್ದವನ ಸಂತೋಷ.

"ಎಂತ ಮೇಡಂ, ಹೆಜ್ಜೆ ತಪ್ಪಿತಲ್ಲ? ನಮ್ಮ ಇಗರ್ಜಿಯ ಬ್ಯಾಂಡಿನವರು ಇದಕ್ಕಿಂತ ಚಂದ ನಡೆಯುತ್ತಾರೆ."

"ಸುಮ್ಮನಿರು ಪ್ಯಾಟ್ರಿಕ್."

"ಸುಮ್ಮನಿರುವುದು ಹೇಗೆ? ನಿಮ್ಮ ಮೇಲೆ ದೂರು ಉಂಟು. ದೂರು ಕೊಡುವವರನ್ನು ನಾನೇ ಕರೆತಂದದ್ದು."

ಅವನ ಹಿಂದೆ ಹಲೀಮಾ ನಿಂತಿದ್ದಳು. ಮಗು ಅವಳ ಬುರ್ಖಾದ ಮರೆಯಲ್ಲಿತ್ತು. ರಿಬ್ಬನಿನ ಒಂದು ತುದಿ ಮಾತ್ರ ಕಾಣುತ್ತಿತ್ತು. ಪ್ರಫುಲ್ಲಾ ಕೈಯ ಲೋಟವನ್ನು ಮೇಜಿನ ಮೇಲಿಟ್ಟಳು.

"ಹೌದು ಮೇಡಂ, ದೂರು ಕೊಡಲಿಕ್ಕೇ ಬಂದದ್ದು," ಎಂದಳು ಹಲೀಮಾ. "ನನ್ನ ಕರಿಬೇವಿನ ಗಿಡ ಪೂರಾ ಬೋಳಾಗಿದೆ. ಒಗ್ಗರಣೆಗೆ ಒಂದೆಲೆ ಇಲ್ಲ. ಇದಕ್ಕೆ ಯಾರು ಜವಾಬ್ದಾರಿ?"

"ಎಂತ?"

"ಇವಳು ಶಿಫಾನಾ. ಆಸ್ಪತ್ರೆಯಿಂದ ಬಂದಾಗಿನಿಂದ ಮನೆಯಲ್ಲಿ ಪೊಲೀಸ್. ಇವಳ ಅಪ್ಪ ಒಮ್ಮೆ ಕೆಮ್ಮಿದರೆ ಸಾಕು, ಅವರ ಹಿಂದೆ ಗೆಲ್ಲು. ಅಜ್ಜ ಮಸೀದಿಗೆ ಹೊರಟರೆ ಹೊಸ್ತಿಲಲ್ಲಿ ಗೆಲ್ಲು, ದಾಟಿದರೆ ಸೀಟಿ. ಮೊನ್ನೆ ನಾನು ಅಡುಗೆಮನೆಯಲ್ಲಿ ಜಾರಿ ಬಿದ್ದೆ. ಸೊಂಟ ಹಿಡಿದುಕೊಂಡು ಮಗಾ ಮಗಾ ಎಂದರೆ, ಇವಳು ನನ್ನನ್ನು ನೋಡಿ, ತಿರುಗಿ, ಹಿತ್ತಿಲಿಗೆ ಹೋದಳು! ಕರಿಬೇವು ತಂದು ಬಾಗಿಲಿಗೆ ಹಾಕಿ ಆಮೇಲೆ ನನ್ನ ಕೈ ಹಿಡಿದಳು."

ಪ್ಯಾಟ್ರಿಕ್‌ಗೆ ನಗು ತಡೆಯಲಾಗದೆ ಗೋಳಿಬಜೆ ನೆತ್ತಿಗೇರಿತು. ಪ್ರಫುಲ್ಲಾ ನಗಲಿಲ್ಲ. ಅವಳ ಕಣ್ಣು ಬುರ್ಖಾದ ಅಂಚಿನಲ್ಲಿ ಕಾಣದ ಕಾಲುಗಳನ್ನು ಹುಡುಕುತ್ತಿತ್ತು.

"ಆ ದಿನ..." ಎಂದಳು.

"ಆ ದಿನ ಬೈದದ್ದು ಬೈದದ್ದೇ ಮೇಡಂ," ಹಲೀಮಾ ನಡುವೆಯೇ ತಡೆದಳು. "ಅದಕ್ಕೆ ಮಾಫಿ ಕೇಳುವುದಿಲ್ಲ. ತಾಯಿ ಅಲ್ವಾ? ಇನ್ನೊಮ್ಮೆ ಹಾಗಾದರೆ ಇನ್ನೊಮ್ಮೆ ಬೈತೇನೆ."

"ಬೈಯಬೇಕು. ನನಗೂ ಒಬ್ಬಳು ಮಗಳಿದ್ದಾಳೆ, ಹಲೀಮಾ. ಒಳಗೆ ಅವಳೇ ಇದ್ದಿದ್ದರೆ ನಾನು ಸೊಪ್ಪು ಕೊಯ್ಯುತ್ತಿದ್ದೆನೋ ಇಲ್ಲವೋ, ನನಗೇ ಗೊತ್ತಿಲ್ಲ. ಕೊಯ್ದು ಎಂತ ಆಯಿತು? ಆ ಹೊತ್ತಿಗೆ ಒಂದು ಗಾಡಿಯೂ ಬರಲಿಲ್ಲ."

ಬುರ್ಖಾದ ಮರೆಯಿಂದ ದನಿ ಬಂತು.

"ಬಂತಲ್ಲ."

"ಎಂತ ಬಂತು ಮಗಾ?"

ಶಿಫಾನಾ ಮುಖ ಹೊರಗೆ ಹಾಕಿದಳು. ದೊಡ್ಡವರ ಮರೆವಿಗೆ ಬೇಸರಪಟ್ಟವಳಂತಿತ್ತು ಮುಖ. "ಲಾರಿ. ಮೀನಿನ ಲಾರಿ. ಇಷ್ಟು ದೊಡ್ಡದು. ನಾನು ಹಿಂದಿನ ಗ್ಲಾಸಿನಲ್ಲಿ ನೋಡಿದೆ. ಜೋರಾಗಿ ನಮ್ಮ ಮೇಲೆಯೇ ಬಂತು. ಸೊಪ್ಪು ನೋಡಿ ಹೀಗೆ ಹೋಯಿತು." ಅಂಗೈಯನ್ನು ಲಾರಿ ಮಾಡಿ ನೇರ ತಂದು, ಪ್ರಫುಲ್ಲಾಳ ಮೊಣಕೈಯನ್ನು ಸವರುವಂತೆ ಓರೆಯಾಗಿ ತಿರುಗಿಸಿದಳು. "ನೀರು ಹಾರಿತು. ನಿಮ್ಮ ಬೆನ್ನಿಗೆ. ಥೂ, ವಾಸನೆ!"

"ನನಗೆ ಹೇಳಲೇ ಇಲ್ಲವಲ್ಲ ನೀನು?" ಹಲೀಮಾಳ ಮುಖ ಬಿಳಿಚಿಕೊಂಡಿತ್ತು.

"ನೀನು ಬೊಬ್ಬೆ ಹಾಕುತ್ತಿದ್ದೆ ಉಮ್ಮ. ಹೇಳಿದರೆ ಯಾರು ಕೇಳುವುದು?"

ಬಿಸಿಲು ಇದ್ದಲ್ಲೇ ನಿಂತಿತು. ಗೋಳಿಬಜೆಯ ತಟ್ಟೆಯ ಸದ್ದು, ಯಾರದೋ ನಗು, ಪಾರಿವಾಳ, ಎಲ್ಲ ಇದ್ದಂತೆಯೇ ಇದ್ದವು; ನಡುವೆ ಪ್ರಫುಲ್ಲಾಳ ಬೆನ್ನಿನ ಮೇಲೆ, ಜಾಕೆಟ್ಟಿಲ್ಲದ ಖಾಕಿಯ ಮೇಲೆ, ಆ ನೀರು ಇನ್ನೊಮ್ಮೆ ತಣ್ಣಗೆ ಹಾರಿತು. ಲಿಂಬೆಹುಳಿ ಹಾಕಿ, ಸೀಗೆ ಹಾಕಿ, ಅಷ್ಟು ದಿನ ಅವಳು ತೊಳೆಯಲು ಹೆಣಗಿದ್ದು ಪಾಪವನ್ನಲ್ಲ. ಅದು ಲಾರಿಯೊಂದು ಅವಳನ್ನೂ ಮಗುವನ್ನೂ ಆ ತಾಯಿಯನ್ನೂ ಬಿಟ್ಟು ಹೋದ ಗುರುತು. ಕಾರು ಅಲುಗಿದ್ದು ಗಾಳಿಗಲ್ಲ. ಹಾಗಾದರೆ ಮೋಕ್ಷಾ ಒಳಗಿದ್ದರೆ ಎಂಬ ಪ್ರಶ್ನೆ? ಅದು ಎಷ್ಟೊಂದು ಸುಲಭದ್ದಾಗಿತ್ತು! ಮೋಕ್ಷಾ ಇದ್ದಿದ್ದರೂ ಆ ಲಾರಿ ಬರುತ್ತಿತ್ತು. ಸೊಪ್ಪು ಹಾಕಿದ್ದು ಮಗುವಿಗೆ ಬೆನ್ನು ಹಾಕಿ ಅಲ್ಲ, ಮಗುವಿನ ಬೆನ್ನಿಗೆ ಕಾವಲಾಗಿ. ಶಾಸ್ತ್ರ ಮತ್ತು ಪ್ರೀತಿ ಎಂದು ಎರಡು ಪಾತ್ರೆಗಳಲ್ಲಿ ಬೇರೆಬೇರೆಯಾಗಿ ಹೊತ್ತು ತಿರುಗುತ್ತಿದ್ದದ್ದು ಒಂದೇ ಬಾವಿಯ ನೀರು. ಅವಳು ಬೆನ್ನು ನೆಟ್ಟಗೆ ಮಾಡಿದಳು, ಗಲ್ಲ ಎತ್ತಿದಳು, ರೆಪ್ಪೆಗಳನ್ನು ಬಿಗಿದಳು. ಪೆರೇಡಿನಲ್ಲಿ ಅಳಲಿಕ್ಕಿಲ್ಲ.

ಶಿಫಾನಾ ಅವಳ ಮುಖವನ್ನೇ ಪರೀಕ್ಷಿಸುತ್ತಿದ್ದಳು. ಒಮ್ಮೆ ಪ್ರಫುಲ್ಲಾಳ ಹಿಂದೆ ಬಗ್ಗಿ ನೋಡಿದಳು, ಏನೋ ಕೊರತೆಯನ್ನು ಕಂಡುಹಿಡಿದವಳಂತೆ ನಾಲಿಗೆ ಕಚ್ಚಿದಳು, ಮತ್ತು ಓಡಿದಳು.

ಓಡಿದಳು! ಒಂದು ಹೆಜ್ಜೆ ಉದ್ದ, ಒಂದು ಹೆಜ್ಜೆ ಗಿಡ್ಡ, ಗುಬ್ಬಿ ಕುಪ್ಪಳಿಸಿದಂತೆ. "ಬೇಸಿಗೆ ಬರುವಾಗ ಸರಿಯಾಗುತ್ತದಂತೆ, ಡಾಕ್ಟ್ರು ಹೇಳಿದ್ದಾರೆ. ಓಡಬೇಡ ಎಂದೂ ಹೇಳಿದ್ದಾರೆ, ಕೇಳುವವರು ಯಾರು!" ಎಂದಳು ಹಲೀಮಾ. ಮಗು ಗೆಲ್ಲುಗಳ ರಾಶಿಗೆ ಕೈ ಹಾಕಿ, ತನಗಿಂತ ಉದ್ದದ ಒಂದು ಹೊಂಗೆಯ ಗೆಲ್ಲನ್ನು ಎಳೆದುಕೊಂಡು ಮೈದಾನದ ನಡುವೆ ಬಂತು. ಪೊಲೀಸರು ದಾರಿ ಬಿಟ್ಟರು. ಅಗ್ನಿಶಾಮಕದ ದಪ್ಪ ಮೀಸೆಯವರೊಬ್ಬರು ಸಲಾಮು ಹೊಡೆದರು. ಅವಳು ಪ್ರಫುಲ್ಲಾಳ ಹಿಂದಕ್ಕೆ ಹೋಗಿ, ಗೆಲ್ಲನ್ನು ನೆಲದ ಮೇಲೆ ಓರೆಯಾಗಿ ಇಟ್ಟು, ಕಣ್ಣು ಕಿರಿದು ಮಾಡಿ ನೋಡಿ, ಇನ್ನಷ್ಟು ಓರೆ ಮಾಡಿ, ಕೈ ಕೊಡವಿಕೊಂಡು ಮುಂದೆ ಬಂದಳು. ಬಂದು, ತಲೆ ಎತ್ತಿ, ಆ ಮಳೆಯ ಸಂಜೆ ಕಾರಿನೊಳಗೆ ತುಟಿ ಕಚ್ಚಿ ಹಿಡಿದಿದ್ದ ಮಗುವಿಗೆ ಒಬ್ಬ ಪೊಲೀಸ್ ಆಂಟಿ ಹೇಳಿ ತಾನು ಮರೆತುಬಿಟ್ಟಿದ್ದ ಮಾತನ್ನು ಅಕ್ಷರಶಃ ಅವಳಿಗೇ ಮರಳಿಸಿದಳು:

"ಸೊಪ್ಪು ಹಾಕಿಯಾಯ್ತು. ಇನ್ನು ಅಳು ಮಗಾ, ಗಾಡಿ ಬರುವುದಿಲ್ಲ."

ಪ್ರಫುಲ್ಲಾ ಅತ್ತಳು. ನೆಲದ ಮೇಲೆ ಮೊಣಕಾಲೂರಿ, ಟೊಪ್ಪಿ ಜಾರಿ, ಜಿಲ್ಲೆಯ ಪಡೆಯ ನಡುವೆ, ಡಿಸೆಂಬರಿನಿಂದ ಕೂಡಿಟ್ಟದ್ದನ್ನೆಲ್ಲ ಅತ್ತಳು. ಅಳುತ್ತ ನಗತೊಡಗಿದಳು, ಯಾವುದು ಅಳು ಯಾವುದು ನಗುವೆಂದು ಅವಳಿಗೂ ತಿಳಿಯಲಿಲ್ಲ. ಎದೆಯೊಳಗಿನ ಸೀಟಿ ನಿಂತಿತ್ತು. ಬೇಬಿಯಕ್ಕ ಕಾವಲುಕೋಣೆಯಿಂದ ಕತ್ತಿಯನ್ನು ಬಿಡಿಸಿಕೊಂಡು ಬರುತ್ತಿದ್ದರು, ಯುದ್ಧ ಗೆದ್ದವರಂತೆ ಎತ್ತಿ ಹಿಡಿದು. ಹತ್ತಿರ ಬಂದವರು ನೆಲದ ಮೇಲಿನ ಗೆಲ್ಲನ್ನು ನೋಡಿದರು, ಅದರ ಓರೆಯನ್ನು ನೋಡಿದರು.

"ಯಾರು ಇಟ್ಟದ್ದು? ಸರಿಯಾಗಿ ಅವರದ್ದೇ ಕ್ರಮ," ಎಂದರು. ಆಮೇಲೆ ಕತ್ತಿಯನ್ನು ಪ್ರಫುಲ್ಲಾಳ ಕೈಗಿತ್ತರು. "ಏಳು ಮಾರಾಯ್ತಿ. ಇಷ್ಟು ಜನ ಕಾಯುತ್ತಾ ಇದ್ದಾರೆ. ತೋರಿಸು."

ಅವಳು ಎದ್ದಳು. ಟೊಪ್ಪಿ ಸರಿಪಡಿಸಿಕೊಂಡಳು. ತಲೆನೋವಿನ ಮಾತನ್ನು ಆಡಲಿಲ್ಲ. ಹಳೆಯ ಕಾರಿನ ಕಡೆಗೆ ನಡೆದಳು. ಹಿಂದೆ ಪ್ಯಾಟ್ರಿಕ್, ಅಖಿಲ್, ಅಗ್ನಿಶಾಮಕದವರು, ಬಾಯಿಯಲ್ಲಿ ಇನ್ನೂ ಗೋಳಿಬಜೆ. ಎಲ್ಲರ ಮುಂದೆ, ತನಗಿಂತ ಉದ್ದದ ಗೆಲ್ಲನ್ನು ಎಳೆಯುತ್ತ, ಒಂದು ಹೆಜ್ಜೆ ಉದ್ದ ಒಂದು ಹೆಜ್ಜೆ ಗಿಡ್ಡವಾಗಿ, ಶಿಫಾನಾ.

ಈ ಕಥೆಯನ್ನು ಓದಿದವರಿಗೂ ಕೇಳಿದವರಿಗೂ, ಕೇಳಿ ಮನೆಗೆ ಹೋಗುವ ದಾರಿಯಲ್ಲಿರುವವರಿಗೂ ಮಂಗಳವಾಗಲಿ. ಮಡಿದವರ ಹೆಸರು ನಾಲಿಗೆಯಲ್ಲಿ ಹೂವಾಗಿರಲಿ. ಕೂಗಿಗೆ ಓಡುವ ಕಾಲುಗಳು ಓಡಿದಂತೆಯೇ ಮನೆಗೆ ಮರಳಲಿ. ನೀವು ಯಾರ ನೋವಿಗೆ ಬಾಗಿದರೂ, ಬಾಗಿದ ನಿಮ್ಮ ಬೆನ್ನ ಹಿಂದೆ ಕಾಣದ ಕೈಯೊಂದು ಹಸುರು ಗೆಲ್ಲನ್ನು ಇಟ್ಟಿರಲಿ. ಬರುವುದೆಲ್ಲ ಅದನ್ನು ಕಂಡು ಓರೆಯಾಗಿ ಸಾಗಲಿ. ಶುಭಮಸ್ತು.